ಗವಿಯ ಗೂಳಿಗಳೂ ನಮ್ಮ ಚಿತ್ರದ ಸಾರೂ

ಚಿತ್ರ ಬರೆಯುವ ನಮ್ಮ ಸಾರ್ ಅವರ ಬಲಗೈ ಉಗುರುಗಳ ಸಂದಿಯಲ್ಲಿ ಕೆಮ್ಮಣ್ಣು ಸದಾ ಕೂತಿರುತ್ತಿತ್ತು. ಹೆಬ್ಬೆರಳಂತೂ ಮೊದಲ ಗೆಣ್ಣಿನವರೆಗೆ ಕೆಂಪು. ಅವರು ಹೋಟೆಲಿನಲ್ಲಿ ಇಡ್ಲಿ ಮುರಿಯುವಾಗ ಎದುರಿಗೆ ಕೂತವರು ಒಮ್ಮೆ ಕೈ, ಒಮ್ಮೆ ಮುಖ ನೋಡಿ, ತಟ್ಟೆ ಹಿಡಿದು ಬೇರೆ ಮೇಜಿಗೆ ಎದ್ದು ಹೋದದ್ದನ್ನು ನಾನೇ ಕಂಡಿದ್ದೇನೆ. "ತೊಳ್ಕಬಾರದೇನ್ರಿ ಸಾರ್?" ಅಂದರೆ, "ತೊಳ್ದೇ ಬಂದೀನಮ್ಮ. ಇದು ಸೋಪಿಗೆ ಬಗ್ಗೋ ಬಣ್ಣ ಅಲ್ಲ" ಎಂದು ಬೆರಳು ಅಗಲಿಸಿ ತೋರಿಸುವರು. ನಾಚಿಕೆ ಎನ್ನುವುದು ಆ ಮನುಷ್ಯನ ಹತ್ತಿರ ಸುಳಿದಿರಲಿಲ್ಲ.

ಹೊಳಲ್ಕೆರೆಯಲ್ಲಿ ನನ್ನ ಟೈಲರಿಂಗ್ ಅಂಗಡಿಯ ಮಾಳಿಗೆಯ ಮೇಲೆ ಅವರ ಬಾಡಿಗೆ ಮನೆ. ಹುಟ್ಟಿದ್ದು ತುರುವನೂರು ಕಡೆ. ಬೆಂಗಳೂರು, ದೆಹಲಿ ಎಂದು ಅವರ ಚಿತ್ರಗಳು ಊರೂರು ಸುತ್ತುತ್ತಿದ್ದವು, ಅವರು ಮಾತ್ರ ಇಲ್ಲೇ. ಅಂಗಡಿಯಲ್ಲಿ ಸಿಗುವ ಕ್ಯಾನ್ವಾಸ್ ಅವರಿಗೆ ಆಗದು. ನನ್ನಿಂದ ಕೋರಾ ಬಟ್ಟೆಯ ಪಟ್ಟಿಗಳನ್ನು ಜೋಡಿಸಿ ಹೊಲಿಸಿಕೊಂಡು, ಗೋಡೆಯಷ್ಟು ಅಗಲ ಮಾಡಿ, ಅದರ ಮೇಲೆ ಬರೆಯುವರು. ಬಣ್ಣ ಎಂದರೆ ಗುಡ್ಡದಿಂದ ಆರಿಸಿ ತಂದ ಕೆಂಪು ಕಲ್ಲು. ಅದನ್ನು ಒರಳಿನಲ್ಲಿ ಕುಟ್ಟಿ, ಅರೆದು, ಗೋಂದು ಬೆರೆಸುವುದು. ಬ್ರಷ್ಷಿಗೆ ಬದಲು ಬೇವಿನ ಕಡ್ಡಿಯ ತುದಿ ಅಗಿದುಕೊಳ್ಳುವುದು. ಅಗಿದದ್ದು ಸರಿಬಾರದಿದ್ದರೆ ಬೆರಳು. ಮೇಲಿನಿಂದ ಒರಳಿನ ಸದ್ದು ಕೇಳಿದರೆ ನನ್ನ ಗಿರಾಕಿಗಳು, "ಮ್ಯಾಲಿನ್ಮನೇಲಿ ಏನಮ್ಮ, ದಿನಾ ಚಟ್ನಿ?" ಎಂದು ನಗುತ್ತಿದ್ದರು.

ಅವರು ಬರೆಯುತ್ತಿದ್ದುದು ಗೂಳಿ, ಜಿಂಕೆ, ಕೈ ಕೈ ಹಿಡಿದು ನಿಂತ ಕಡ್ಡಿಯಂಥ ಮನುಷ್ಯರು. ಬಂಡೆಗಳ ಮೇಲೆ ಆದಿಕಾಲದವರು ಬರೆದ ಚಿತ್ರಗಳಿಂದ ಕಲಿತದ್ದು. "ನನ್ನ ಮಗಳೂ ಇಂಥವೇ ಬರೀತಾಳೆ ಸಾರ್" ಎಂದು ಒಮ್ಮೆ ಕೆಣಕಿದೆ. "ಹಂಗಾದ್ರೆ ಕರ್ಕಂಡ್ ಬಾ, ನನಗೂ ಹೇಳ್ಕೊಡ್ಲಿ" ಅಂದರು. ತಮಾಷೆ ಎಂದುಕೊಂಡೆ. ಭಾನುವಾರ ನಿಜವಾಗಿಯೂ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳು ಬರೆದ ನಾಯಿಯ ಬಾಲವನ್ನು ಮತ್ತೆ ಮತ್ತೆ ಬರೆದು ನೋಡುತ್ತಿದ್ದರು.

ನನ್ನ ತವರು ಹೊಸದುರ್ಗದ ಕಡೆಯ ಒಂದು ಹಟ್ಟಿ. ಕುರಿ ಸಾಕುವ ಮನೆಗಳೇ ಹೆಚ್ಚು. ಹಟ್ಟಿಯ ಹಿಂದಿನ ಗುಡ್ಡದಲ್ಲಿ ಒಂದು ಗವಿ, ಗವಿಯ ಒಳಮೈ ತುಂಬ ಮಾಸಿದ ಕೆಂಪು ಗೂಳಿಗಳು. ಪಾಂಡವರು ಬರೆದು ಹೋದದ್ದು ಎಂದು ನಮ್ಮವರ ನಂಬಿಕೆ. ಹಬ್ಬಕ್ಕೆ ಅಲ್ಲಿ ಕಾಯಿ ಒಡೆಯುತ್ತಾರೆ. ಮಾತಿಗೆ ಮಾತು ಬಂದು ಇದನ್ನು ಸಾರ್‌ಗೆ ಹೇಳಿದ್ದೇ ತಡ, ಮರುದಿನವೇ ಬಸ್ಸು ಹತ್ತಿಸಿದರು. ಗವಿಯೊಳಗೆ ಕಾಲಿಟ್ಟವರು ಬಂಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನಿಂತರು. ಆಮೇಲೆ, "ಈ ಬೆನ್ನಿನ ಗೆರೆ ನೋಡಮ್ಮ, ಕೊಂಬಿನಿಂದ ಬಾಲದ ತನಕ ಒಂದೇ ಉಸಿರು. ನನಗಿನ್ನೂ ಬರ್ವಲ್ದು" ಅಂದರು. ಚಿಕ್ಕಂದಿನಿಂದ ಆ ಗವಿಯಲ್ಲಿ ಕಣ್ಣಾಮುಚ್ಚಾಲೆ ಆಡಿ ಬೆಳೆದ ನಾನು, ಆ ಗೂಳಿಯನ್ನು ಮೊದಲ ಸಲ ನೋಡಿದ್ದು ಅವತ್ತೇ.

ಅಲ್ಲಿಂದ ಎರಡು ವರ್ಷಕ್ಕೆ, ದೀಪಾವಳಿಗೆ ಮುಂಚೆ, ಹಟ್ಟಿಯ ಯಜಮಾನಿಕೆ ನಡೆಸುವ ನಮ್ಮ ದೊಡ್ಡಪ್ಪನ ಫೋನು ಬಂತು. "ಗುಡಿಗೆ ಸುಣ್ಣ ಆತು. ಗವಿಯಾಗಿನ ಬಸವಣ್ಣಗಳು ಮಾಸಿ ಹೋಗ್ಯಾವೆ. ಕೆಂಪು ಆಯಿಲ್ ಪೇಂಟ್ ತರ್ಸೀನಿ. ನಿಮ್ಮ ಚಿತ್ರದ ಸಾರ್ ಕೈಲೇ ತಿದ್ಸಾಣ, ಅವರಿಗಿಂತ ಚೆಂದ ಯಾರ್ ಬರೀತಾರೆ? ನಾಳೆ ಕರ್ಕಂಡ್ ಬಾ." ಅದು ಅವರು ಕೊಟ್ಟ ದೊಡ್ಡ ಮರ್ಯಾದೆ. ಗುಡಿಯಿರಲಿ, ಮನೆಯಿರಲಿ, ದೇವರ ಕಲ್ಲಿರಲಿ, ಹಬ್ಬಕ್ಕೆ ಸುಣ್ಣ ಕೆಮ್ಮಣ್ಣು ಕಾಣದಿದ್ದರೆ ಅದನ್ನು ಕೈಬಿಟ್ಟಂತೆ ಎನ್ನುವ ಜನ ನಾವು. ಸಾರ್‌ಗೆ ಹೇಳಿದೆ. ಮುಖ ಸುಣ್ಣವಾಯಿತು. ಬರಲ್ಲ ಅಂದರೆ ಹಟ್ಟಿಯವರೇ ಬಳಿದುಬಿಡುತ್ತಾರೆ, ಸಾವಿರಾರು ವರ್ಷದ ಗೆರೆ ಒಂದು ಬೆಳಗಿನಲ್ಲಿ ಮುಗಿದು ಹೋಗುತ್ತದೆ.

ಬೆಳಿಗ್ಗೆ ಹೋದಾಗ ಗವಿಯ ಬಾಯಲ್ಲಿ ಕಂಬಳಿ ಹಾಸಿ, ಹಾರ ಇಟ್ಟುಕೊಂಡು ಹಿರಿಯರೆಲ್ಲ ಕಾದಿದ್ದರು. "ಬರ್ರಿ ಬರ್ರಿ, ಕುಂತ್ಕಳ್ರಿ" ಎಂದ ದೊಡ್ಡಪ್ಪ ಪೇಂಟಿನ ಡಬ್ಬಿ ಮುಂದಿಟ್ಟ. ಸಾರ್ ಕೂರಲಿಲ್ಲ. "ಇದನ್ನ ಮುಟ್ಟಂಗಿಲ್ಲ! ಸರ್ಕಾರದೋರು ಬಿಡಲ್ಲ!" ಎಂದು ಕೂಗಿಯೇಬಿಟ್ಟರು. ಅಯ್ಯೋ, ಕೆಟ್ಟಿತಲ್ಲಪ್ಪ ಎಂದುಕೊಂಡೆ. ದೊಡ್ಡಪ್ಪನ ಮೀಸೆ ಅದುರಿತು. "ನಮ್ಮ ದೇವ್ರಿಗೆ ನಾವು ಬಣ್ಣ ಹಚ್ಚಾಕೆ ಸರ್ಕಾರ ಯಾರ್ರಿ? ನಿಮಗಾಗಲ್ಲ ಅಂದ್ರೆ ಬಿಡ್ರಿ, ನಮ್ ಹುಡುಗ್ರು ಹಚ್ತಾರೆ." ಒಬ್ಬ ಆಗಲೇ ಡಬ್ಬಿಯ ಮುಚ್ಚಳ ಎಬ್ಬಿಸುತ್ತಿದ್ದ.

ಸಾರ್ ಬೆವರು ಒರೆಸಿಕೊಂಡರು. ಕೆಳಗೆ ಕುರಿ ಮೇಯುತ್ತಿದ್ದವು. ಅವನ್ನೇ ನೋಡುತ್ತಾ, ದನಿ ತಗ್ಗಿಸಿ ಕೇಳಿದರು: "ಯಜಮಾನ್ರೆ, ಆ ಕುರಿ ಬೆನ್ನ ಮ್ಯಾಲೆ ನೀಲಿ ಐತಲ್ಲ, ಏನದು?"

"ನಮ್ಮನೆ ಗುರುತು. ಹಸಿರು ಇರಾವು ನನ್ ತಮ್ಮನವು."

"ತಮ್ಮನ ಕುರಿ ಬಣ್ಣ ಮಾಸೈತೆ ಅಂತ ನೀವು ನಿಮ್ ನೀಲಿ ಹಚ್ತೀರಾ?"

"ಏ, ಹೆಂಗ್ ಹಚ್ಚಾಕಾಗ್ತೈತ್ರಿ! ಅದಕ್ಕೆ ಕಳ್ತನ ಅಂತಾರೆ."

"ಇದೂ ಒಂದು ಮಂದೆನೇ ಅಲ್ವ? ಯಾರೋ ಹಿರೇರು ಗುರುತು ಹಾಕಿ ಬಿಟ್ಟು ಹೋಗ್ಯಾರೆ."

ದೊಡ್ಡಪ್ಪ ಗವಿಯೊಳಗೆ ಹೋಗಿ ಗೂಳಿಗಳನ್ನು ನೋಡಿದ, ಹೊರಗೆ ಬಂದು ಕುರಿಗಳನ್ನು ನೋಡಿದ. ಆಮೇಲೆ ಹುಡುಗನ ಕೈಯಿಂದ ಡಬ್ಬಿ ಕಿತ್ತುಕೊಂಡು ಮುಚ್ಚಳ ಗುದ್ದಿ ಕೂರಿಸಿದ. "ಆತು ಬಿಡ್ರಿ. ಆದ್ರೆ ಹಬ್ಬದಾಗೆ ದೇವ್ರಿಗೆ ಬಣ್ಣ ಇಲ್ಲ ಅಂದ್ರೆ ಹೆಂಗೆ?" ಅಂದ. "ನಿಮ್ಮ ಗುಡಿ ಗ್ವಾಡೆ ಕೊಡ್ರಿ, ನನ್ ಮಂದೆ ಬರೀತೀನಿ" ಎಂದರು ಸಾರ್. ಹಬ್ಬ ಮುಗಿಯುವ ತನಕ ಅಲ್ಲೇ ಉಳಿದು, ಸುಣ್ಣದ ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ಹಟ್ಟಿಯ ಕುರಿ, ನಾಯಿ, ಜನರನ್ನೆಲ್ಲ ಬರೆದರು. ಹೆಂಗಸರು ತಮ್ಮ ತಮ್ಮ ಕುರಿಗಳನ್ನು ಗುರುತಿಸಿ ಜಗಳಾಡಿದರು. ಮುಂದಿನ ದೀಪಾವಳಿಗಳಲ್ಲಿ ತಪ್ಪದೆ ಬಂದು, ಮಳೆಗೆ ಮಾಸಿದ ಕಡೆ ತಾವೇ ಬಣ್ಣ ತುಂಬಿ ಹೋಗುತ್ತಿದ್ದರು.

ಹೋದ ಬೇಸಿಗೆಯಲ್ಲಿ ಎದೆನೋವು ಎಂದು ಚಿತ್ರದುರ್ಗದ ಆಸ್ಪತ್ರೆಗೆ ಹೋದವರು ವಾಪಸ್ ಬರಲಿಲ್ಲ. ನನ್ನ ಮೆಷಿನ್ನಿನ ಮೇಲೆ ಅವರಿಗೆಂದು ಹೊಲಿಯುತ್ತಿದ್ದ ಬಟ್ಟೆ ಅರ್ಧಕ್ಕೇ ಇತ್ತು. ಅದನ್ನು ಹಿಡಿದುಕೊಂಡು ಅತ್ತುಬಿಟ್ಟೆ. ಈಗಲೂ ಮೇಲಿನ ಮನೆ ಸದ್ದಿಲ್ಲದಿರುವಾಗ ಅಳು ಬರುತ್ತದೆ. ನನ್ನ ತವರನ್ನು ನನಗೇ ತೋರಿಸಿಕೊಟ್ಟವರು, ಅದನ್ನು ಉಳಿಸಿಕೊಟ್ಟವರು ಅವರು. ಆ ಋಣ ಯಾವ ಹೊಲಿಗೆಯಿಂದಲೂ ತೀರುವುದಲ್ಲ.

ಈ ದೀಪಾವಳಿಗೆ ತವರಿಗೆ ಹೋದೆ. ಗುಡಿಯ ಮೂರು ಗೋಡೆಗೆ ಬೆಳ್ಳಗೆ ಸುಣ್ಣವಾಗಿತ್ತು. ನಾಲ್ಕನೆಯದು ಮಾತ್ರ ಮಳೆಗೆ ಕರಗಿ, ಕುರಿಗಳ ಕಾಲು ಅಳಿಸಿಹೋಗಿ, ಹಾಗೇ ನಿಂತಿತ್ತು. ಸುಣ್ಣದ ಬಕೆಟ್ಟು ಹಿಡಿದಿದ್ದ ಹುಡುಗನೊಬ್ಬ, "ದೊಡ್ಡಪ್ಪ, ಸಾರ್ ಹೆಂಗೂ ಇಲ್ಲ. ಇದನ್ನ ನಾವೇ ತಿದ್ದಾಣ?" ಎಂದ.

ದೊಡ್ಡಪ್ಪ ಗೋಡೆಗೆ ಕೈ ಅಡ್ಡ ಹಿಡಿದ. "ಮುಟ್ಬ್ಯಾಡ ಕಣಲೇ. ಅವ್ರೂ ಈಗ ಹಿರೇರಾದ್ರು."