ಬ್ರೇಕ್ ಮೇಷ್ಟ್ರು ಹೊಗೆಯೊಳಗೆ ಕೂತದ್ದು

ಬ್ರೇಕ್ ಮೇಷ್ಟ್ರು ಎಂದು ಅವರಿಗೆ ಹೆಸರಿಟ್ಟವಳು ನಾನೇ. ನನ್ನ ಟೈರ್ ಅಂಗಡಿಯ ಗೋಡೆಗೆ ಅಂಟಿಕೊಂಡೇ ಅವರ ಡ್ರೈವಿಂಗ್ ಸ್ಕೂಲು: ಒಂದು ಮೇಜು, ರಸ್ತೆ ಚಿಹ್ನೆಗಳ ಒಂದು ಪಟ, ಹೊರಗೆ ಒಂದು ಬಿಳಿ ಕಾರು. ಆ ಕಾರಿನಲ್ಲಿ ಕಲಿಯುವವರ ಕಾಲಿಗೊಂದು ಬ್ರೇಕು, ಪಕ್ಕದ ಸೀಟಿನಲ್ಲಿ ಕೂರುವ ಮೇಷ್ಟ್ರ ಕಾಲಿಗೊಂದು. ವರ್ಷಗಟ್ಟಲೆ ಹಾಗೆ ಕೂತು ಕೂತು ಆ ಕಾಲಿಗೆ ಸುಮ್ಮನಿರುವುದೇ ಮರೆತುಹೋಗಿತ್ತು. ನನ್ನ ವ್ಯಾನಿನಲ್ಲಿ ಬಂದರೂ ಅಷ್ಟೇ. ಮುಂದೆ ಒಂದು ನಾಯಿ ಕಂಡರೆ ಸಾಕು, ಇಲ್ಲದ ಬ್ರೇಕನ್ನು ಹುಡುಕಿ ನೆಲ ತುಳಿಯುವರು. "ಮೇಷ್ಟ್ರೇ, ವ್ಯಾನಿನ ತಳ ತೂತು ಮಾಡ್ಬೇಡಿ, ಸ್ವಲ್ಪ ಕರುಣೆ ಇರ್ಲಿ" ಎಂದು ರೇಗುತ್ತಿದ್ದೆ. ನಕ್ಕುಬಿಡುತ್ತಿದ್ದರು. ಮುಂದಿನ ತಿರುವಿನಲ್ಲಿ ಮತ್ತೆ ತುಳಿಯುತ್ತಿದ್ದರು.

ಹೆಂಡತಿ ತೀರಿಕೊಂಡಾಗ ಮಗಳಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಜಡೆ ಹಾಕುವುದು, ಜ್ವರ ಬಂದರೆ ಹಣೆ ಮುಟ್ಟಿ ನೋಡುವುದು, ಎಲ್ಲ ಇವರೊಬ್ಬರದೇ. ಅಂಗೈಯಲ್ಲಿಟ್ಟುಕೊಂಡು ಸಾಕಿದರು, ಸುಳ್ಳು ಹೇಳಬಾರದು. ಆದರೆ ಆ ಹುಡುಗಿ ಯಾವುದಕ್ಕೆ ಕೈಹಾಕಿದರೂ ಇವರದು ಒಂದೇ ರಾಗ: ಬೇಡ, ನಿಧಾನ, ಆಮೇಲೆ ನೋಡೋಣ. ಈಜು ಬೇಡ. ಸೈಕಲ್ಲು ಗಲ್ಲಿ ದಾಟುವುದು ಬೇಡ. ಇರುವುದು ಅವಳೊಬ್ಬಳೇ, ಅವಳಿಗೇನಾದರೂ ಆದರೆ ಎಂಬ ಹೆದರಿಕೆ. ಆ ಹೆದರಿಕೆ ಅವಳ ಉಸಿರು ಕಟ್ಟಿಸುತ್ತಿದೆ ಎಂದು ಹೇಳಿದರೆ ಕೇಳುವ ಪೈಕಿ ಅಲ್ಲ.

ಸಂಬಂಧ ಕೆಟ್ಟದ್ದು ಲೈಸೆನ್ಸ್ ಪರೀಕ್ಷೆಯ ದಿನ. ಮಗಳು ಸ್ಟೀರಿಂಗ್ ಹಿಡಿದಿದ್ದಳು, ಮೇಷ್ಟ್ರು ಪಕ್ಕದಲ್ಲಿ, ಪರೀಕ್ಷೆಯ ಅಧಿಕಾರಿ ಹಿಂದಿನ ಸೀಟಿನಲ್ಲಿ. ಕೊನೆಯ ತಿರುವಿನಲ್ಲಿ ಒಬ್ಬ ಮುದುಕ ರಸ್ತೆಗಿಳಿದ. ಅವಳು ಬ್ರೇಕಿಗೆ ಕಾಲು ತರುವಷ್ಟರಲ್ಲಿ ಇವರು ತಮ್ಮದನ್ನು ಒತ್ತಿಯಾಗಿತ್ತು. ಮೇಷ್ಟ್ರ ಬ್ರೇಕು ಬಿದ್ದರೆ ಕಲಿಯುವವರು ಫೇಲು, ಅದು ನಿಯಮ. ಸ್ವಂತ ಮಗಳನ್ನು ಸ್ವಂತ ಕಾಲಿನಿಂದ ಫೇಲು ಮಾಡಿದ ಪುಣ್ಯಾತ್ಮ! ಅವರ ಮನೆ ಸ್ಕೂಲಿನ ಮೇಲೆಯೇ, ಆ ಸಂಜೆಯ ಜಗಳ ನನ್ನ ಅಂಗಡಿಗೂ ಇಳಿದು ಬಂತು. "ನಾನೇ ನಿಲ್ಲಿಸ್ತಿದ್ದೆ" ಎಂದು ಅವಳು. "ನಿಲ್ಲಿಸ್ದೇ ಹೋಗಿದ್ರೆ?" ಎಂದು ಇವರು. ಅವಳು ಬೇರೆ ಕಡೆ ಕಲಿತಳು, ಕಾರಿಗೆ ಬಣ್ಣ ಹೊಡೆಯುವ ಗ್ಯಾರೇಜಿನಲ್ಲಿ ಕೆಲಸ ಹಿಡಿದಳು, ಬೇರೆ ಕೋಣೆ ಮಾಡಿಕೊಂಡಳು. ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.

ಆಮೇಲೆ ಹಿಡಿಯಿತು ನೋಡಿ ಅವಳಿಗೆ ಬರ್ನ್‌ಔಟಿನ ಹುಚ್ಚು. ಗ್ಯಾರೇಜಿನ ಮೂಲೆಯಲ್ಲಿ ಜಖಂ ಆಗಿ ಬಿದ್ದಿದ್ದ ಒಂದು ಆಟೋಮ್ಯಾಟಿಕ್ ಸ್ಪೋರ್ಟ್ಸ್ ಕಾರನ್ನು ತಾನೇ ಬಡಿದು, ತಿದ್ದಿ, ಕಿತ್ತಳೆ ಬಣ್ಣ ಹೊಡೆದು ಎಬ್ಬಿಸಿದಳು. ಭಾನುವಾರಗಳಂದು ಮುಚ್ಚಿದ ಕಾರ್ಖಾನೆಯೊಂದರ ಸಿಮೆಂಟು ಅಂಗಳದಲ್ಲಿ ಇಂಥ ಹುಚ್ಚರೆಲ್ಲ ಸೇರುತ್ತಾರೆ. ಕಾರು ನಿಂತಲ್ಲೇ ನಿಂತಿರಬೇಕು, ಹಿಂದಿನ ಚಕ್ರ ಮಾತ್ರ ಗಿರಗಿರ ತಿರುಗಿ, ರಬ್ಬರು ಸುಟ್ಟು, ಹೊಗೆ ಏಳಬೇಕು. ಯಾರ ಹೊಗೆ ದಟ್ಟವೋ ಅವರಿಗೆ ಚಪ್ಪಾಳೆ. ಇದಕ್ಕೆ ಹೊಸ ಟೈರು ಯಾರು ಹಾಕುತ್ತಾರೆ? ಸವೆದ ಟೈರುಗಳನ್ನು ಒಯ್ದು ಕೊಡುವವಳು ನಾನು. ಪ್ರತಿ ಸಲವೂ ಮೇಷ್ಟ್ರು ನನ್ನ ವ್ಯಾನಿನಲ್ಲಿ ಬಂದು, ನೀರಿನ ಟ್ಯಾಂಕಿನ ಹಿಂದೆ ಮರೆಯಾಗಿ ನಿಲ್ಲುವರು. ಮಗಳು ಕಾರು ಹತ್ತಿ ಇಳಿಯುವವರೆಗೆ ಆ ಮುಖದಲ್ಲಿ ರಕ್ತವೇ ಇರುತ್ತಿರಲಿಲ್ಲ.

ಒಂದು ದಿನ ಅವಳೇ ಕೇಳಿದಳು. "ಅತ್ತೆ, ಟ್ಯಾಂಕಿನ ಹಿಂದೆ ನಿಂತ್ಕೊಳ್ಳೋದು ಅಪ್ಪ ತಾನೇ?"

"ಮತ್ತಿನ್ಯಾರು? ನಿನ್ನ ಹೊಗೆ ಕುಡಿದು ಕುಡಿದು ಕೆಮ್ಮು ಹತ್ತಿಸ್ಕೊಂಡಿದಾರೆ."

ಅವಳು ಕೈ ಒರೆಸಿಕೊಂಡಳು. "ಮುಂದಿನ ವಾರ ನನ್ನ ಪಕ್ಕ ಬಂದು ಕೂರೋಕೆ ಹೇಳಿ. ಏನೂ ಮುಟ್ಟಬಾರ್ದು, ಅಷ್ಟೇ. ಸುಮ್ನೆ ಕೂತ್ರೆ ಅವತ್ತೇ ಮನೆಗೆ ಊಟಕ್ಕೆ ಬರ್ತೀನಿ."

ಈ ಮಾತು ಮುಟ್ಟಿಸಿದಾಗ ಆ ಮನುಷ್ಯ ಕುರ್ಚಿ ಹಿಡಿದು ಕೂತರು. ಆ ವಾರವೆಲ್ಲ ಅವರ ಕಾಲು ನೆಲದ ಮೇಲಿರಲಿಲ್ಲ. ಪರದೆ ಒಗೆದರು, ಮಗಳ ಹಾಸಿಗೆಯನ್ನು ಬಿಸಿಲಿಗೆ ಹಾಕಿದರು. "ಊಟಕ್ಕೆ ಅಂದ್ಲು ಮೇಷ್ಟ್ರೇ, ಮಲಗೋಕಲ್ಲ" ಎಂದೆ. "ಇರ್ಲಿ ತಂಗಿ, ಊಟ ಆದ್ಮೇಲೆ ನಿದ್ದೆ ಬಂದ್ರೆ?" ಎಂದರು.

ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಸ್ಪೋರ್ಟ್ಸ್ ಕಾರಿನ ಆ ಗುಂಡಿಯಂಥ ಸೀಟಿಗೆ ಇಳಿದು, ಬೂಟು ಬಿಚ್ಚಿ, ಎರಡೂ ಕಾಲನ್ನು ಮೇಲೆತ್ತಿ ಚಕ್ಕಳಮಕ್ಕಳ ಹಾಕಿ ಕೂತರು. ತಲೆಗೆ ಹೆಲ್ಮೆಟ್ಟು, ಕೆಳಗೆ ಕಾಲುಚೀಲ.

"ಕಾಲು ಮೇಲಿಟ್ಕೊಂಡಿದೀನಿ, ನೋಡ್ಕೋ ಮಗಳೇ."

ಅವಳು ನಕ್ಕಳು. ಅಪ್ಪನೆದುರು ಅವಳು ನಕ್ಕದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ, ನನಗೆ ಕಣ್ಣು ತುಂಬಿ ಬಂತು. ಗೇರಿನ ಲಿವರನ್ನು ಡಿಗೆ, ಅಂದರೆ ಡ್ರೈವ್‌ಗೆ ಎಳೆದಳು. ಎಂಜಿನ್ ಗುಡುಗಿತು, ಹಿಂದಿನ ಚಕ್ರಗಳು ಕಿರುಚಿದವು, ಬಿಳಿ ಹೊಗೆ ಎದ್ದು ಬಾಗಿಲು, ಗಾಜು, ಇಬ್ಬರ ತಲೆ, ಎಲ್ಲವನ್ನೂ ನುಂಗಿತು. ಜನ ಕೇಕೆ ಹಾಕಿದರು. ಅಷ್ಟರಲ್ಲಿ ಚಕ್ರದ ಸದ್ದು ನಿಂತುಹೋಗಿ ಎಂಜಿನ್ ಒಂದೇ ಬರಿದಾಗಿ ಅರಚಿತು. ಏನಾಗಿದೆ ಎಂದು ನನಗೆ ತಿಳಿದುಹೋಯಿತು. ಆಟೋಮ್ಯಾಟಿಕ್ ಕಾರಿನಲ್ಲಿ ಕಲಿಯುವವರು ಗಾಬರಿಯಾಗಿ ಬ್ರೇಕೆಂದುಕೊಂಡು ಆಕ್ಸಿಲರೇಟರ್ ಅದುಮಿದರೆ, ಮೇಷ್ಟ್ರಾದವರು ತಕ್ಷಣ ಲಿವರನ್ನು ಎನ್‌ಗೆ, ಅಂದರೆ ನ್ಯೂಟ್ರಲ್‌ಗೆ ತಳ್ಳುತ್ತಾರೆ. ಕಾಲನ್ನು ಹಿಡಿತದಲ್ಲಿಟ್ಟುಕೊಂಡಿದ್ದರು ನಿಜ. ಕೈ ತಾನಾಗಿ ಲಿವರಿಗೆ ಹೋಗಿಬಿಟ್ಟಿತ್ತು.

ನಾನು ಓಡಿಹೋಗುವಷ್ಟರಲ್ಲಿ ಎಂಜಿನ್ ಆರಿಸಿ ಗಾಜು ಇಳಿಸಿದ್ದಳು. ಮೇಷ್ಟ್ರ ಕೈ ಇನ್ನೂ ಲಿವರ್ ಮೇಲೆಯೇ ಇತ್ತು. ಅವಳು ಬೈದಿದ್ದರೆ ಚೆನ್ನಾಗಿರುತ್ತಿತ್ತು. ಬೈಯಲಿಲ್ಲ.

"ಅಪ್ಪ, ನಾನು ಬ್ರೇಕ್ ಒತ್ಕೊಂಡೇ ಇದ್ದೆ. ಮೊದ್ಲಿಂದಾನೂ. ಎಡಗಾಲಲ್ಲಿ ಬ್ರೇಕು, ಬಲಗಾಲಲ್ಲಿ ಆಕ್ಸಿಲರೇಟರ್ರು. ಬ್ರೇಕ್ ಹಿಡಿದಿರೋದ್ರಿಂದಾನೇ ಕಾರು ನಿಂತಲ್ಲೇ ನಿಲ್ಲೋದು."

"ಎಡಗಾಲಾ?" ಎಂದರು ಮೇಷ್ಟ್ರು. "ಇಂಥ ಕಾರಲ್ಲಿ ಎಡಗಾಲಿಗೆ ಕೆಲಸಾನೇ ಇಲ್ಲ ಅಂತ ಎಲ್ಲರಿಗೂ ಹೇಳ್ಕೊಡ್ತಾ ಬಂದೆನಲ್ಲಮ್ಮ..." ಆಮೇಲೆ ಅವಸರವಸರವಾಗಿ, "ಇನ್ನೊಂದೇ ಒಂದ್ಸಲ ಮಾಡು. ಕೈ ಅಡೀಲಿ ಹಾಕ್ಕೊಂಡು ಅದರ ಮೇಲೆ ಕೂರ್ತೀನಿ. ದಮ್ಮಯ್ಯ."

"ಟೈರ್ ಮುಗೀತಪ್ಪ" ಎಂದಳು.

ನನ್ನ ವ್ಯಾನಿನಲ್ಲಿ ಇನ್ನೊಂದು ಜೊತೆ ಟೈರು ಇತ್ತು. ತಂದಿಡಿ ಎಂದು ಹೇಳಿದ್ದವಳೂ ಅವಳೇ. ಹೇಳಲು ಬಾಯಿ ತೆರೆದೆ. ಅವಳು ಅಪ್ಪನ ಹೆಗಲಾಚೆಯಿಂದ ನನ್ನನ್ನು ನೋಡಿ, ಸುಮ್ಮನೆ ತಲೆಯಾಡಿಸಿದಳು, ಬೇಡ ಎಂದು. ಆ ಕಣ್ಣಿನಲ್ಲಿ ಕೋಪವಿರಲಿಲ್ಲ, ದಣಿವಿತ್ತು. ಹಾಳಾದ ನನ್ನ ಬಾಯಿ, ಎಲ್ಲ ಕಡೆ ಹರಿಯುವಂಥದು, ಅಲ್ಲಿ ಮುಚ್ಚಿಕೊಂಡಿತು.

"ಊಟಕ್ಕೆ ಇನ್ನೊಂದ್ಸಲ ಬರ್ತೀನಿ ಅಪ್ಪ."

"ಆಗ್ಲಿ ಮಗಳೇ, ಟೈರ್ ಮುಗಿದ್ರೆ ನೀನೇನ್ ಮಾಡ್ತೀಯ" ಎಂದು ಮೇಷ್ಟ್ರು ಬೂಟು ಹಾಕಿಕೊಳ್ಳತೊಡಗಿದರು. ಲೇಸು ಕಟ್ಟಲು ಬರಲಿಲ್ಲ, ನಾನೇ ಬಗ್ಗಿ ಕಟ್ಟಿದೆ.

ವಾಪಸ್ಸು ಬರುವಾಗ ತಿರುವುಗಳು ಬಂದವು, ಒಂದು ಬಸ್ಸು ಅಡ್ಡ ಬಂತು. ಅವರ ಕಾಲು ಅಲುಗಲಿಲ್ಲ. ನಾನು ಬೇಕೆಂದೇ ಜೋರಾಗಿ ಓಡಿಸಿದೆ, ಆದರೂ ಅಲುಗಲಿಲ್ಲ. ಮನೆ ಮುಂದೆ ನಿಲ್ಲಿಸಿದಾಗ ಇಳಿದು, ಬಾಗಿಲು ಹಾಕುವ ಮೊದಲು ಸೀಟಿನ ಹಿಂದೆ ಒಮ್ಮೆ ನೋಡಿದರು. ಎರಡು ಟೈರುಗಳು ಒಂದರ ಮೇಲೊಂದು ಮಲಗಿದ್ದವು.

"ನಾನು ನೋಡ್ದೆ ಅಂತ ಅವಳಿಗೆ ಹೇಳ್ಬೇಡ ತಂಗಿ" ಎಂದರು. "ಬೇಜಾರ್ ಮಾಡ್ಕೋತಾಳೆ."