ಎಡಗೊಂಬು, ಬಲಗೊಂಬು

ಯುಗಾದಿ ಮರುದಿನ ಸಂಜೆ ಬಿದಿಗೆ ಚಂದ್ರನ ಕೊಂಬು ನೋಡಿ ವರ್ಷದ ಧಾರಣೆ ಹೇಳುವುದರಲ್ಲಿ ಸಿರುಗುಪ್ಪ ಕಡೆಯ ಕರೂರಿನ ಪಕ್ಕೀರಪ್ಪ ಎತ್ತಿದ ಕೈ. ಎಡಗೊಂಬು ಏರಿದ್ದರೆ ಭತ್ತಕ್ಕೆ ರೇಟು, ಬಲಗೊಂಬು ಏರಿದ್ದರೆ ವ್ಯಾಪಾರಕ್ಕೆ. ಆದರೆ ಎರಡು ವರ್ಷದಿಂದ ಕಣ್ಣಿಗೆ ಪೊರೆ ಬಂದು ಚಂದ್ರ ಹಾಗಿರಲಿ, ಎದುರಿಗೆ ನಿಂತ ಎಮ್ಮೆಯೂ ಅವನಿಗೆ ನೆಟ್ಟಗೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಹೆಂಡತಿ ಹುಲುಗಮ್ಮನಿಗೆ. ಅವಳು ಹಿಂದೆ ನಿಂತು, ಏರಿದ ಕೊಂಬಿನ ಕಡೆಯ ಹೆಗಲ ಮೇಲಿನ ಟವೆಲ್ ಜಗ್ಗುತ್ತಿದ್ದಳು. ಮಹಾಜ್ಞಾನಿ ಗಂಟಲು ಸರಿಮಾಡಿಕೊಂಡು ಭವಿಷ್ಯ ನುಡಿಯುತ್ತಿದ್ದ. ಊರು ಕೈ ಮುಗಿಯುತ್ತಿತ್ತು, ಅವನಿಗೆ.

ಎರಡು ಸಾವಿರದ ಏಳರ ಯುಗಾದಿಗೆ ಬಳ್ಳಾರಿಯಿಂದ ಕಾರೇ ಬಂತು. ಕಳಿಸಿದವನು ಪಕ್ಕೀರಪ್ಪನ ಅಕ್ಕನ ಮಗ ಗಾದಿಲಿಂಗ. ಮೊನ್ನೆ ಮೊನ್ನೆ ಲಾರಿ ಕ್ಲೀನರ್ ಆಗಿದ್ದವನು ಅದಿರಿನ ದಯೆಯಿಂದ ಈಗ ಗಾದಿಲಿಂಗಪ್ಪನವರು. "ಮೂರೆಕರೆ ಗದ್ದಿ ಮಾರಿ ಟಿಪ್ಪರ್ ತಗೋ ಮಾವಾ" ಎಂದು ಅವನದೊಂದೇ ವರಾತ. ಚಂದ್ರ ಬಲಗೊಂಬು ತೋರಿಸಿದರೆ ಮಾರಿಬಿಡುವುದಾಗಿ ಪಕ್ಕೀರಪ್ಪ ಮಾತು ಕೊಟ್ಟಿದ್ದ. ಆ ಗದ್ದೆಯಲ್ಲಿ ಇಪ್ಪತ್ತೈದು ವರ್ಷ ಸೊಂಟ ಬಗ್ಗಿಸಿ ನಾಟಿ ಮಾಡಿದ ಹುಲುಗಮ್ಮನನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಗಾದಿಲಿಂಗಪ್ಪನವರ ಮೂರಂತಸ್ತಿನ ಮಾಳಿಗೆಯ ಮೇಲೆ ಹೊಸ ದುರ್ಬೀನು ನಿಂತಿತ್ತು. ಅದಕ್ಕೂ ಕುಂಕುಮ, ಹೂವಿನ ಹಾರ. ಪಡುವಣದ ತುಂಬ ಅದಿರು ಲಾರಿಗಳು ಎಬ್ಬಿಸಿದ ಕೆಂಧೂಳು. ಬಂದ ದೊಡ್ಡ ಮನುಷ್ಯರು ಒಬ್ಬೊಬ್ಬರೇ ಕಣ್ಣಿಟ್ಟು "ಆಹಾ, ಶುಕ್ರ!" ಅಂದರು. ಅದು ಮೊಬೈಲ್ ಟವರಿನ ದೀಪ. ಉಂಡ ಮನೆಯಲ್ಲಿ ಏನೂ ಕಾಣಲಿಲ್ಲ ಅನ್ನುವುದಾದರೂ ಹೇಗೆ, ಪಾಪ!

"ಹೇಳು ಮಾವಾ, ಯಾವ ಕೊಂಬು?"

ಹುಲುಗಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. ಚಂದ್ರನ ಸುಳಿವೇ ಇರಲಿಲ್ಲ. ಎಡ ಹೆಗಲ ಟವೆಲ್ ಹಿಡಿದು ಎಳೆದಳು ನೋಡಿ, ಪಕ್ಕೀರಪ್ಪ ನೆಲಕ್ಕೆ ಬೀಳುವುದೊಂದು ಬಾಕಿ.

"ಎಡಗೊಂಬು! ಭತ್ತಕ್ಕ ರೇಟು!"

ಗಾದಿಲಿಂಗಪ್ಪನವರ ಮುಖ ಕಪ್ಪಿಟ್ಟಿತು. ವಾಪಸ್ ಹೋಗಲು ಕಾರು ಸಿಗಲಿಲ್ಲ. ಡ್ರೈವರಿಗೆ ಅದೇ ಗಳಿಗೆಯಲ್ಲಿ ಬೇರೆ ಕೆಲಸ ಬಂತಂತೆ. ಗಂಡ ಹೆಂಡತಿ ಸಿರುಗುಪ್ಪದ ಬಸ್ ಹತ್ತಿದರು. ಕುರುಗೋಡು ದಾಟುತ್ತಲೇ ಧೂಳು ತೆಳುವಾಗಿ ಕಿಟಕಿಯಲ್ಲಿ ಬೆಳ್ಳಿಚುಕ್ಕಿ ಕಂಡಿತು, ಅದರ ಕೆಳಗೆ ಮುಳುಗಲು ಹೊರಟ ಚಂದ್ರ. ಬಲಗೊಂಬು ಏರಿತ್ತು. ಒಂದು ಬೆರಳಿನಷ್ಟಾದರೂ ಏರಿತ್ತು.

"ಚಂದ್ರ ಕಾಣಾಕತ್ತೈತೇನ?" ಪಕ್ಕೀರಪ್ಪ ಹೆಗಲು ತಿಕ್ಕಿಕೊಳ್ಳುತ್ತ ಕೇಳಿದ. "ಖರೇ ಹೇಳು, ಯಾವುದು ಮ್ಯಾಲೈತಿ?"

"ಎಡದ್ದ," ಅಂದಳು ಹುಲುಗಮ್ಮ. "ನಾಟಿ ಹಚ್ಚಿದ ಕೈನೂ ನಂದು, ನೋಡೋ ಕಣ್ಣೂ ನಂದು. ಸುಮ್ಮನ ಕುಂದರ್ರಿ."