ಗಟ್ಟಿಮೇಳ ನಿಂತ ಗಳಿಗೆ

ಇವತ್ತು ಆದ ಕೆಲಸಗಳು: ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟದ್ದು, ಹಾಲು ಕಾಸಿದ್ದು, ಅತ್ತೆಯ ಕಣ್ಣಿಗೆ ಹನಿ ಹಾಕಿದ್ದು, ಶೇಂಗಾ ಹುರಿದು ಸಿಪ್ಪೆ ಹಾರಿಸಿದ್ದು, ಚಟ್ನಿ ಅರ್ಧ ಅರೆದದ್ದು. ಅರ್ಧ ಯಾಕೆಂದರೆ, ಮಿಕ್ಸಿ ತಿರುಗುತ್ತಿರುವಾಗಲೇ ಕರೆಂಟು ಹೋಯಿತು. ಇಷ್ಟೇ ಆಗಿದ್ದರೆ ರಾಯದುರ್ಗದಲ್ಲಿ ಯಾರೂ ಬರೆದಿಡುವ ಸಂಗತಿಯಲ್ಲ. ಆದರೆ ಆ ಹೊತ್ತಿಗೆ ಸರಿಯಾಗಿ ನಾನೊಂದು ಮಾತು ಆಡುತ್ತಿದ್ದೆ.

ಮಗನಿಗೆ ಅಮರಾಪುರದ ಕಡೆಯಿಂದ ಒಂದು ಸಂಬಂಧ ಬಂದಿದೆ. ಹುಡುಗಿಯ ಫೋಟೊ ಫೋನಿನಲ್ಲಿತ್ತು. ಬಂದು ನೋಡುತ್ತೇವೋ ಇಲ್ಲವೋ ಎಂದು ಸಂಜೆಯೊಳಗೆ ತಿಳಿಸಬೇಕಿತ್ತು. ಮಗನಿಗೆ ಮನಸ್ಸಿತ್ತು. ನಾನು ಫೋಟೊ ನೋಡಿ, ಮಿಕ್ಸಿಯ ಗದ್ದಲದಲ್ಲಿ ನಮ್ಮ ಮನೆಯವರ ಕಿವಿಗೆ ಬೀಳಲೆಂದು ಗಂಟಲೆತ್ತಿ ಹೇಳುತ್ತಿದ್ದೆ. ಸದ್ದು ಪಟ್ಟನೆ ನಿಂತಿತು. "...ಬಣ್ಣ ಒಂದಿಷ್ಟು ಕಡಿಮೆಯಾಯ್ತು!" ಎಂಬ ನನ್ನ ಮಾತೊಂದೇ ಮನೆಯಿಡೀ ಸುತ್ತಾಡಿತು. ಪಡಸಾಲೆಯಲ್ಲಿದ್ದ ಅತ್ತೆ ನಗತೊಡಗಿದರು.

ಈ ಅತ್ತೆ ನನ್ನ ಗಂಡನ ಸೋದರತ್ತೆ, ಗೌರಮ್ಮ. ಅವರು ಯಾಕೆ ನಕ್ಕರೆಂದು ತಿಳಿಯಬೇಕಾದರೆ ನಿಮಗೆ ಓಬಳಪ್ಪನವರ ವಿಷಯ ಹೇಳಬೇಕು. ಕರೆಂಟು ಬರುವಷ್ಟರಲ್ಲಿ ಹೇಳಿ ಮುಗಿಸುತ್ತೇನೆ.

ಓಬಳಪ್ಪ ನನ್ನ ತವರು ಮಡಕಶಿರಾದ ವಾಲಗದವರು. ನಮ್ಮ ಜಗಲಿಯ ಕೆಳಗಿನ ಕಲ್ಲಿನ ಮೇಲೆ ಕೂತು, ವಾಲಗದ ಬಾಯಿಗೆ ಸಿಕ್ಕಿಸುವ ಪೀಪಿಯನ್ನು ನೆನೆಸಿ ಹದ ಮಾಡುತ್ತಾ, ಲೋಕದ ಮೇಲೆ ತೀರ್ಪು ಕೊಡುತ್ತಿದ್ದರು. ಜಗಲಿಯ ಮೇಲೆ ಕೂರಲು ಯಾರೂ ಕರೆಯುತ್ತಿರಲಿಲ್ಲ. ಅದನ್ನೂ ಅವರು ಎತ್ತಿ ಆಡದೆ ಬಿಡುತ್ತಿರಲಿಲ್ಲ.

"ನಾನು ಊದೋ ಉಸಿರು ನಿಮ್ಮ ದೇವರ ಮನೆಗಂಟ ಹೋಗುತ್ತೆ ಸ್ವಾಮಿ. ನಾನು ಮಾತ್ರ ಚಪ್ಪರದ ಗೂಟದತ್ರ ನಿಂತ್ಕೋಬೇಕು. ಆ ಉಸಿರನ್ನ ಯಾಕೆ ನೀರಾಕಿ ತೊಳ್ಯಲ್ಲ ನೀವು?"

"ನಿಂಗೆ ಬಾಯಿ ಜಾಸ್ತಿಯಾಯ್ತು ಕಣೋ ಓಬಳಪ್ಪ," ಎನ್ನುತ್ತಿದ್ದರು ಅಪ್ಪ.

"ಬಾಯಿಂದಾನೇ ಅಲ್ವ ಸ್ವಾಮಿ ನಾನು ಬದುಕಿರೋದು?"

ನನ್ನನ್ನು ನೋಡಲು ಬಂದವರೆಲ್ಲ ಉಪ್ಪಿಟ್ಟು ತಿಂದು, ಬಣ್ಣದ ನೆಪ ಹೇಳಿ ಹೋಗುತ್ತಿದ್ದ ಕಾಲವದು. ನಾನು ಕಪ್ಪು, ಈಗಲೂ ಕಪ್ಪೇ. ಅಮ್ಮ ಕಡಲೆಹಿಟ್ಟು, ಅರಿಶಿನ ಎಲ್ಲ ತಿಕ್ಕಿ ಸೋತಿದ್ದಳು. ಓಬಳಪ್ಪ ಅದನ್ನು ನೋಡಿ, "ಪೂಜೆಗೆ ಕರೀ ಕಂಬ್ಳಿ ಹಾಸಿ ಅದರ ಮ್ಯಾಲೆ ದೇವ್ರನ್ನೇ ಕೂರಿಸ್ತೀರಿ. ಕರೀ ಹುಡುಗಿ ಹಸೆಮಣೆ ಮ್ಯಾಲೆ ಕೂತ್ರೆ ಮಾತ್ರ ಮುಖ ಸಿಂಡರಿಸ್ತೀರಿ. ಏನ್ ಜನ ಕಣವ್ವ!" ಎಂದರು.

ಮದುವೆಯ ಗಟ್ಟಿಮೇಳದ ಬಗ್ಗೆಯೂ ಅವರದೊಂದು ಸಿದ್ಧಾಂತವಿತ್ತು. ತಾಳಿ ಕಟ್ಟುವ ಗಳಿಗೆಯಲ್ಲಿ ಸೀನು, ಅಪಶಕುನದ ಮಾತು ಯಾವುದೂ ಕೇಳಿಸದಿರಲಿ ಎಂದಲ್ಲವೇ ಡೋಲು, ವಾಲಗ ಎಲ್ಲ ಒಟ್ಟಿಗೆ ಮೊಳಗಿಸುವುದು? "ಜನಕ್ಕೆ ಇದು ಗೊತ್ತು. ಅದಕ್ಕೇ ಕೆಟ್ಟ ಮಾತನ್ನೆಲ್ಲ ಆ ಹೊತ್ತಿಗೇ ಅಂತ ಕೂಡಿಟ್ಕೊಂಡಿರ್ತಾರೆ. ಮೇಳದೋರು ಕಿವುಡರು ಅಂತ ನಮ್ಮ ಪಕ್ಕದಲ್ಲೇ ನಿಂತು ಆಡ್ತಾರೆ."

ಅಂತೂ ರಾಯದುರ್ಗದ ಒಬ್ಬರು ಒಪ್ಪಿದರು. ಮದುವೆ ದಿನ ಪುರೋಹಿತರು ಬೆರಳೆತ್ತಿ ಆಡಿಸಿದರು, ಗಟ್ಟಿಮೇಳ ಎದ್ದಿತು. ಗಂಡಿನ ಕೈಯಲ್ಲಿ ತಾಳಿ, ಎಲ್ಲರ ಕೈಯಲ್ಲಿ ಅಕ್ಷತೆ. ಆಗ ಓಬಳಪ್ಪ ವಾಲಗವನ್ನು ಬಾಯಿಂದ ತೆಗೆದು, ಡೋಲಿನವನತ್ತ ಕೈ ಅಡ್ಡ ಹಿಡಿದರು. ಮೇಳ ನಿಂತಿತು. ಅವರ ಬೆನ್ನಿಗೇ ನಿಂತಿದ್ದ ಗೌರಮ್ಮತ್ತೆಯ ದನಿ ಮಾತ್ರ ನಿಲ್ಲಲಿಲ್ಲ.

"...ಹಂಚಿನ ಬುಡ ಇದ್ದಂಗ ಅದಾಳ! ನಮ್ಮ ಹುಡುಗನ ಕಣ್ಣು ಎಲ್ಲಿ ಹೋಗಿದ್ವೇನ?"

ಎತ್ತಿದ ಕೈಗಳೆಲ್ಲ ಅಲ್ಲಲ್ಲೇ ನಿಂತವು. ಗಂಡಿನ ಕಡೆಯವರು ಎದ್ದುಬಿಟ್ಟರೆ ಮುಗಿಯಿತು ನನ್ನ ಕಥೆ ಎಂದು ನಾನು ನೆಲ ನೋಡುತ್ತಾ ಕೂತೆ. ತಾಳಿ ಹಿಡಿದವರು ತಿರುಗಿ, "ಕಣ್ಣು ಇಲ್ಲೇ ಅದಾವತ್ತಿ," ಎಂದರು. ಆಮೇಲೆ ಓಬಳಪ್ಪನವರಿಗೆ, "ನೀವು ಊದ್ರಿ ಮಾರಾಯ್ರ, ಕೈ ನೋಯಾಕತ್ತಾವು."

ಊದಿದರು. ಅಂಥ ಊದು ನಾನು ಮತ್ತೆ ಕೇಳಿಲ್ಲ.

ಆಮೇಲೆ ಹಿರಿಯರು ಓಬಳಪ್ಪನವರ ಮೇಲೆ ಬಿದ್ದರು. ಗೌರಮ್ಮತ್ತೆಯನ್ನು ಯಾರೂ ಏನೂ ಕೇಳಲಿಲ್ಲವೆನ್ನಿ. ಮಾತಾಡಿದವರಿಗಿಂತ ಕೇಳಿಸಿದವರ ತಪ್ಪೇ ನಮ್ಮಲ್ಲಿ ದೊಡ್ಡದು. ಓಬಳಪ್ಪನವರೋ, "ಉಸಿರು ತಗೊಂಡೆ ಸ್ವಾಮಿ. ವಾಲಗದೋನು ಉಸಿರೂ ತಗೋಬಾರ್ದಾ?" ಎಂದು ಪೀಪಿ ಒರೆಸುತ್ತಾ ಕೂತರು. ಮುಂದೆ ಅವರನ್ನು ಮದುವೆಗೆ ಕರೆಯುವವರು ಕಡಿಮೆಯಾದರು. ಕರೆದವರ ಮನೆಯಲ್ಲಿ ಗಟ್ಟಿಮೇಳದ ಹೊತ್ತಿಗೆ ನೆಂಟರೆಲ್ಲ ಬಾಯಿ ಬಿಗಿದು ನಿಲ್ಲುತ್ತಿದ್ದರಂತೆ. ಓಬಳಪ್ಪ ಈಗಿಲ್ಲ. ಈಗಿನ ಮದುವೆಗಳಲ್ಲಿ ಗಟ್ಟಿಮೇಳವೂ ಸ್ಪೀಕರಿನಿಂದಲೇ ಬರುತ್ತದೆ. ಅದಕ್ಕೆ ಉಸಿರು ಬೇಕಿಲ್ಲ, ಆಡುವವರಿಗೆ ಭಯವೂ ಇಲ್ಲ.

ಕರೆಂಟು ಇನ್ನೂ ಬಂದಿರಲಿಲ್ಲ. ಅತ್ತೆ ನಗು ಮುಗಿಸಿ ಕಣ್ಣೊರೆಸಿಕೊಂಡರು.

"ಅಲ್ಲವ್ವಾ, ನನಗ ಆ ಮೇಳದಾವ ಸಿಕ್ಕಿದ್ದ. ನಿನಗ ಕರೆಂಟು ಸಿಕ್ತು ನೋಡು."

ನಮ್ಮ ಮನೆಯವರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡಿದ್ದರು, ಪೇಪರು ಅಲುಗುತ್ತಿತ್ತು. ಮಿಕ್ಸಿಯ ಸ್ಟೀಲು ಮುಚ್ಚಳದಲ್ಲಿ ನನ್ನ ಮುಖ ಕಂಡಿತು. ಎಷ್ಟು ತಿಕ್ಕಿದ್ದಳು ಅಮ್ಮ, ಪಾಪ.

"ಭಾನುವಾರ ಬರ್ತೀವಿ ಅಂತ ಅಮರಾಪುರಕ್ಕೆ ಫೋನ್ ಮಾಡ್ರಿ," ಎಂದೆ.

"ಸಂಜಿತನ ಟೈಮ್ ಐತಲ್ಲ?"

"ಈಗ್ಲೇ ಮಾಡ್ರಿ."

ಅತ್ತೆ ಪಡಸಾಲೆಯಿಂದಲೇ ಕೂಗಿದರು: "ಆ ಹುಡುಗಿಗೆ ನಾವು ಒಪ್ಪಿಗಿ ಆಗ್ತೀವೇನು, ಅದನ್ನೂ ಕೇಳಪಾ!"

ರಾತ್ರಿ ಊಟಕ್ಕೆ ಜೋಳದ ರೊಟ್ಟಿ, ಪುಂಡಿ ಪಲ್ಯ, ಅರ್ಧ ಅರೆದ ಅದೇ ಶೇಂಗಾ ಚಟ್ನಿ. ಕರೆಂಟು ಬಂದ ಮೇಲೂ ಅದನ್ನು ಮತ್ತೆ ಮಿಕ್ಸಿಗೆ ಹಾಕಲು ಮನಸ್ಸಾಗಲಿಲ್ಲ. ಹಲ್ಲಿಲ್ಲದ ಅತ್ತೆ ಶೇಂಗಾ ಚೂರುಗಳನ್ನು ತಟ್ಟೆಯಂಚಿಗೆ ಸಾಲಾಗಿ ಇಟ್ಟು, ನನ್ನ ಮುಖ ನೋಡಿ ಎದ್ದರು. ಫ್ಯಾನು ಜೋರಾಗಿ ತಿರುಗುತ್ತಿತ್ತು. ಆ ಸದ್ದಿನಲ್ಲಿ ಅವರ ಮೇಲೊಂದು ಮಾತು ಆಡಬಹುದಿತ್ತು, ಆಡಲಿಲ್ಲ. ಕರೆಂಟನ್ನು ನಂಬುವಂತಿಲ್ಲ. ಮೊದಲು ನಿದ್ದೆ ಹೋದದ್ದು ಅತ್ತೆಯೇ.